ಸುಡಾನ್: ಸುದ್ದಿಯಾಗದ ಯುದ್ಧ, ಲೆಕ್ಕಕ್ಕೆ ಸಿಗದ ಜನ

– ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ



ಮೊದಲು ಒಂದು ಸಣ್ಣ ಲೆಕ್ಕ. ಸುಡಾನ್ ದೇಶದ ಜನಸಂಖ್ಯೆ ಸುಮಾರು 5 ಕೋಟಿ, ಅಂದರೆ ನಮ್ಮ ಕರ್ನಾಟಕಕ್ಕಿಂತ ಕಡಿಮೆ. 2023ರ ಏಪ್ರಿಲ್‌ನಲ್ಲಿ ಅಲ್ಲಿ ಶುರುವಾದ ಯುದ್ಧದಿಂದ ಸುಮಾರು 1 ಕೋಟಿ 20 ಲಕ್ಷ ಜನ ಮನೆ ಬಿಟ್ಟು ಓಡಬೇಕಾಯಿತು. ಅವರಲ್ಲಿ 40 ಲಕ್ಷಕ್ಕೂ ಹೆಚ್ಚು ಜನ ದೇಶದ ಗಡಿಯನ್ನೇ ದಾಟಿದ್ದಾರೆ. ಒಟ್ಟಿನಲ್ಲಿ ನಾಲ್ವರಲ್ಲಿ ಒಬ್ಬರು. ನಮ್ಮ ತರಗತಿಯಲ್ಲಿ 60 ಮಂದಿ ಇದ್ದರೆ 15 ಮಂದಿಯ ಜಾಗ ಖಾಲಿ ಎಂದು ತಿಳಿಯಿರಿ. ಇಂದು ಜಗತ್ತಿನಲ್ಲಿ ಇಷ್ಟು ಜನ ಮನೆ ಕಳೆದುಕೊಂಡ ಇನ್ನೊಂದು ದೇಶ ಇಲ್ಲ ಎಂದು ವಿಶ್ವಸಂಸ್ಥೆ ಹೇಳುತ್ತದೆ.

ನಾನು ಈ ವಿಷಯಕ್ಕೆ ಬಂದದ್ದು ವ್ಯಾಪಾರದ ದಾರಿಯಿಂದ. ನಮ್ಮ ವ್ಯವಹಾರ ಅಧ್ಯಯನದ ಮೇಡಂ, "ಮನೆಯಲ್ಲಿರುವ ಒಂದು ವಸ್ತುವನ್ನು ಹಿಡಿದು ಅದು ಎಲ್ಲಿಂದ ಬರುತ್ತದೆ ಎಂದು ಪತ್ತೆ ಮಾಡಿ" ಎಂದು ಪ್ರಾಜೆಕ್ಟ್ ಕೊಟ್ಟರು. ನಾನು ಅಂಟನ್ನು ಆರಿಸಿಕೊಂಡೆ. ನಮ್ಮ ಮನೆಯಲ್ಲಿ ದಾದಿ ಚಳಿಗಾಲಕ್ಕೆ ಗೋಂದ್ ಲಡ್ಡು ಮಾಡುತ್ತಾರೆ. ಕನ್ನಡದ ಮನೆಗಳಲ್ಲಿ ಅದೇ ಅಂಟಿನ ಉಂಡೆ. ಜಾಲಿ ಜಾತಿಯ ಮರಗಳ ಈ ಅಂಟಿನ ಬಗ್ಗೆ ಓದುತ್ತಾ ಹೋದಂತೆ ಪ್ರತಿ ಪುಟದಲ್ಲೂ ಒಂದೇ ದೇಶದ ಹೆಸರು ಬರುತ್ತಿತ್ತು. ಪ್ರಾಜೆಕ್ಟ್ ಮುಗಿಯಿತು, ಓದು ಮುಗಿಯಲಿಲ್ಲ. ಹಾಗೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

1. ದೇಶದ ಪರಿಚಯ

ಸುಡಾನ್ ಆಫ್ರಿಕಾದ ಈಶಾನ್ಯ ಭಾಗದಲ್ಲಿದೆ. ವಿಸ್ತಾರದಲ್ಲಿ ಭಾರತದ ಅರ್ಧಕ್ಕಿಂತ ಹೆಚ್ಚು. ಉತ್ತರಕ್ಕೆ ಈಜಿಪ್ಟ್, ಪಶ್ಚಿಮಕ್ಕೆ ಚಾಡ್, ದಕ್ಷಿಣಕ್ಕೆ ದಕ್ಷಿಣ ಸುಡಾನ್, ಪೂರ್ವಕ್ಕೆ ಇಥಿಯೋಪಿಯಾ, ಎರಿಟ್ರಿಯಾ ಮತ್ತು ಕೆಂಪು ಸಮುದ್ರ. ಸಮುದ್ರದ ಆಚೆ ದಡದಲ್ಲಿ ಸೌದಿ ಅರೇಬಿಯಾದ ಜಿದ್ದಾ.

ರಾಜಧಾನಿ ಖಾರ್ತೂಮ್. ಇಥಿಯೋಪಿಯಾದಿಂದ ಬರುವ ನೀಲಿ ನೈಲ್ ಮತ್ತು ವಿಕ್ಟೋರಿಯಾ ಸರೋವರದ ಕಡೆಯಿಂದ ಬರುವ ಬಿಳಿ ನೈಲ್ ಇಲ್ಲಿ ಸೇರುತ್ತವೆ. ನಮ್ಮ ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ತುಂಗಾ, ಭದ್ರಾ ಸೇರಿದ ಹಾಗೆ. ಸಂಗಮದ ಸುತ್ತ ಖಾರ್ತೂಮ್, ಉಮ್ದುರ್ಮಾನ್, ಬಹ್ರಿ ಎಂಬ ಮೂರು ನಗರಗಳು ಒಂದಕ್ಕೊಂದು ಅಂಟಿಕೊಂಡಿವೆ.

ಜನರ ಮುಖ್ಯ ಆಹಾರ ಜೋಳ. ಜೋಳದ ಹಿಟ್ಟನ್ನು ಹುಳಿ ಬರಿಸಿ ತೆಳ್ಳಗೆ ಹರಡಿ ಬೇಯಿಸುವ ರೊಟ್ಟಿಗೆ ಕಿಸ್ರಾ ಎನ್ನುತ್ತಾರೆ. ಎಳ್ಳು, ಶೇಂಗಾ, ಹತ್ತಿ ಕೂಡ ಬೆಳೆಯುತ್ತಾರೆ. ಹೆಚ್ಚಿನವರು ಮುಸ್ಲಿಮರು, ಆಡಳಿತ ಭಾಷೆ ಅರಬ್ಬಿ. ಆದರೆ ಎಲ್ಲರೂ ಅರಬರಲ್ಲ. ಫುರ್, ಮಸಾಲಿತ್, ಜಘಾವಾ, ನುಬಾ, ಬೆಜಾ ಹೀಗೆ ಅನೇಕ ಸಮುದಾಯಗಳಿವೆ, ಅವರವರದೇ ಭಾಷೆಗಳಿವೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಭಾರತಕ್ಕೂ ಸುಡಾನ್‌ಗೂ ಹಳೆಯ ಸಂಬಂಧವಿದೆ. 1953ರಲ್ಲಿ ಸುಡಾನ್‌ನ ಮೊದಲ ಚುನಾವಣೆ ನಡೆಸಿಕೊಡಲು ಹೋದವರು ನಮ್ಮ ದೇಶದ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ಪುಣೆ ಹತ್ತಿರದ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮುಖ್ಯ ಕಟ್ಟಡದ ಹೆಸರು ಸುಡಾನ್ ಬ್ಲಾಕ್. ಎರಡನೇ ಮಹಾಯುದ್ಧದಲ್ಲಿ ಭಾರತೀಯ ಸೈನಿಕರು ಮಾಡಿದ ಸೇವೆಗೆ ಕೃತಜ್ಞತೆಯಾಗಿ ಸುಡಾನ್ ಕೊಟ್ಟ ಹಣ ಅದರಲ್ಲಿ ಸೇರಿದೆ.

2. ಹಿನ್ನೆಲೆ

ಸುಡಾನ್ 1956ರ ಜನವರಿ 1ರಂದು ಸ್ವತಂತ್ರವಾಯಿತು. ಅಧಿಕಾರ, ಶಾಲೆ, ರಸ್ತೆ, ಹಣ ಎಲ್ಲವೂ ಖಾರ್ತೂಮ್ ಸುತ್ತಲಿನ ನದಿ ಬಯಲಿನವರ ಕೈಯಲ್ಲಿ ಉಳಿದವು. ದಕ್ಷಿಣದವರು, ಪಶ್ಚಿಮದವರು ಹೊರಗೇ ಉಳಿದರು. ದಕ್ಷಿಣದವರೊಂದಿಗೆ 1955ರಿಂದ 1972ರವರೆಗೆ ಒಂದು ಅಂತರ್ಯುದ್ಧ, 1983ರಿಂದ 2005ರವರೆಗೆ ಇನ್ನೊಂದು. ಎರಡನೆಯದರಲ್ಲಿ ಸುಮಾರು 20 ಲಕ್ಷ ಜನ ಸತ್ತರು ಎಂಬ ಅಂದಾಜಿದೆ. ಕೊನೆಗೆ 2011ರ ಜುಲೈ 9ರಂದು ದಕ್ಷಿಣ ಸುಡಾನ್ ಬೇರೆ ದೇಶವಾಯಿತು. ಹೋಗುವಾಗ ತೈಲದ ಸುಮಾರು ಮುಕ್ಕಾಲು ಭಾಗವೂ ಹೋಯಿತು. ಉಳಿದ ಸುಡಾನ್‌ನ ಆದಾಯ ಕುಸಿದು ಬಿತ್ತು.

1989ರಲ್ಲಿ ಸೇನಾ ದಂಗೆಯಿಂದ ಅಧಿಕಾರ ಹಿಡಿದ ಒಮರ್ ಅಲ್ ಬಶೀರ್ 30 ವರ್ಷ ಆಳಿದರು. 2018ರ ಡಿಸೆಂಬರ್‌ನಲ್ಲಿ ಬ್ರೆಡ್ಡಿನ ಬೆಲೆ ಏರಿದಾಗ ಅತ್ಬರಾ ಎಂಬ ರೈಲ್ವೆ ಪಟ್ಟಣದಲ್ಲಿ ಪ್ರತಿಭಟನೆ ಶುರುವಾಗಿ ದೇಶಕ್ಕೆಲ್ಲ ಹಬ್ಬಿತು. 2019ರ ಏಪ್ರಿಲ್ 11ರಂದು ಬಶೀರ್ ಇಳಿದರು. ಆ ಚಳವಳಿಯಲ್ಲಿ ಮುಂದೆ ನಿಂತವರಲ್ಲಿ ವಿದ್ಯಾರ್ಥಿಗಳೂ ಹೆಂಗಸರೂ ಹೆಚ್ಚು. ನಾಗರಿಕ ಸರ್ಕಾರ ಬರುತ್ತದೆ ಎಂದು ಜನ ನಂಬಿದ್ದರು. ಅಬ್ದುಲ್ಲಾ ಹಮ್ದೋಕ್ ಪ್ರಧಾನಿಯೂ ಆದರು. ಆದರೆ 2021ರ ಅಕ್ಟೋಬರ್ 25ರಂದು ಸೈನ್ಯ ಮತ್ತೆ ಅಧಿಕಾರ ಕಿತ್ತುಕೊಂಡಿತು.

3. ಇಬ್ಬರು ಪಾಲುದಾರರ ಜಗಳ

2021ರ ಆ ದಂಗೆಯನ್ನು ಇಬ್ಬರು ಸೇರಿ ಮಾಡಿದರು. ಒಬ್ಬರು ಸೇನಾ ಮುಖ್ಯಸ್ಥ ಜನರಲ್ ಅಬ್ದುಲ್ ಫತ್ತಾಹ್ ಅಲ್ ಬುರ್ಹಾನ್. ಇನ್ನೊಬ್ಬರು ಹೆಮೆದ್ತಿ ಎಂದೇ ಹೆಸರಾದ ಮೊಹಮದ್ ಹಮ್ದಾನ್ ದಗಲೋ. ಇವರ ಕೈಯಲ್ಲಿದ್ದದ್ದು ಕ್ಷಿಪ್ರ ಬೆಂಬಲ ಪಡೆ ಎಂಬ ಅರೆಸೇನೆ. ಇದನ್ನು ಆರ್‌ಎಸ್‌ಎಫ್ ಎಂದು ಕರೆಯುತ್ತಾರೆ.

ನಾವು ಲೆಕ್ಕಶಾಸ್ತ್ರದಲ್ಲಿ ಪಾಲುದಾರಿಕೆ ಸಂಸ್ಥೆ ಓದುತ್ತೇವಲ್ಲ, ಅದನ್ನೇ ನೆನೆಸಿಕೊಳ್ಳಿ. ಪಾಲುದಾರಿಕೆ ಕರಾರಿನಲ್ಲಿ ಎಲ್ಲವನ್ನೂ ಬರೆದುಕೊಳ್ಳದಿದ್ದರೆ ಜಗಳ ಖಂಡಿತ. ಇಲ್ಲಿ ಜಗಳ ಬಂದದ್ದು ಒಂದೇ ಪ್ರಶ್ನೆಗೆ: ಆರ್‌ಎಸ್‌ಎಫ್ ಯಾವಾಗ ದೇಶದ ಸೈನ್ಯದೊಳಗೆ ವಿಲೀನವಾಗಬೇಕು, ಆಮೇಲೆ ಅದು ಯಾರ ಮಾತು ಕೇಳಬೇಕು? ಸೈನ್ಯ 2 ವರ್ಷ ಸಾಕು ಎಂದಿತು. ಆರ್‌ಎಸ್‌ಎಫ್ 10 ವರ್ಷ ಬೇಕು ಎಂದಿತು. ಮಾತುಕತೆ ನಡೆಯುತ್ತಿರುವಾಗಲೇ ಇಬ್ಬರೂ ಖಾರ್ತೂಮ್‌ಗೆ ಪಡೆಗಳನ್ನು ತರಿಸಿಕೊಂಡರು. 2023ರ ಏಪ್ರಿಲ್ 15, ಶನಿವಾರ ಬೆಳಿಗ್ಗೆ ನಗರದ ಮಧ್ಯದಲ್ಲೇ ಗುಂಡು ಹಾರಿತು. ಅದು ರಂಜಾನ್ ತಿಂಗಳ ಕೊನೆಯ ದಿನಗಳು. ಈದ್‌ಗೆ ಇನ್ನೊಂದು ವಾರವೂ ಇರಲಿಲ್ಲ. ಜನ ರೋಜಾ ಹಿಡಿದುಕೊಂಡೇ ಮಂಚದ ಕೆಳಗೆ ಮಲಗಿದರು.

ಪಾಲುದಾರಿಕೆಯ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಸಂಸ್ಥೆಯಲ್ಲಿ ಪಾಲುದಾರರು ತಮ್ಮ ಬಂಡವಾಳ ಕಳೆದುಕೊಳ್ಳುತ್ತಾರೆ. ಇಲ್ಲಿ ಬಂಡವಾಳ ಹಾಕಿದವರು ಜನರು, ನಷ್ಟವೂ ಅವರದೇ. ಲಂಡನ್‌ನ ಸಂಶೋಧಕರು ಮಾಡಿದ ಅಧ್ಯಯನದ ಪ್ರಕಾರ ಖಾರ್ತೂಮ್ ರಾಜ್ಯ ಒಂದರಲ್ಲೇ ಮೊದಲ 14 ತಿಂಗಳಲ್ಲಿ 61,000ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಅದರಲ್ಲಿ ಸುಮಾರು 26,000 ಮಂದಿ ಮಾತ್ರ ನೇರ ಹಿಂಸೆಯಿಂದ ಸತ್ತವರು. ಉಳಿದವರನ್ನು ಕೊಂದದ್ದು ಬಹುಪಾಲು ಕಾಯಿಲೆ ಮತ್ತು ಹಸಿವು. ಆಸ್ಪತ್ರೆ ಮುಚ್ಚಿದರೆ ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಸಿಗುವುದಿಲ್ಲ, ಹೆರಿಗೆಗೆ ದಾದಿಯರಿಲ್ಲ. ಯುದ್ಧ ಬಂದೂಕಿನಿಂದ ಮಾತ್ರ ಕೊಲ್ಲುವುದಿಲ್ಲ ಎಂಬುದು ಈ ಅಂಕಿಗಳಿಂದ ಗೊತ್ತಾಗುತ್ತದೆ.

2025ರ ಮಾರ್ಚ್‌ನಲ್ಲಿ ಸೈನ್ಯ ಖಾರ್ತೂಮ್‌ನ ಅಧ್ಯಕ್ಷರ ಅರಮನೆಯನ್ನು ವಾಪಸ್ ಪಡೆಯಿತು. ಅಷ್ಟರಲ್ಲಿ ನಗರ ಸುಟ್ಟು ಕರಕಲಾಗಿತ್ತು. ಯುದ್ಧದ ಭಾರ ಪಶ್ಚಿಮದ ಡಾರ್ಫುರ್ ಮತ್ತು ಕೊರ್ದೊಫಾನ್ ಕಡೆಗೆ ಸರಿಯಿತು. ಎರಡೂ ಕಡೆಯವರು ಯುದ್ಧಾಪರಾಧ ಮಾಡಿದ್ದಾರೆ ಎಂದು ವಿಶ್ವಸಂಸ್ಥೆಯ ಸತ್ಯಶೋಧನಾ ತಂಡ ಹೇಳಿದೆ. ಸೈನ್ಯದ ವಿಮಾನಗಳು ಸಂತೆಗಳ ಮೇಲೆ ಬಾಂಬ್ ಹಾಕಿವೆ. ಆರ್‌ಎಸ್‌ಎಫ್ ಊರೂರುಗಳನ್ನು ಲೂಟಿ ಮಾಡಿದೆ, ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಎಸಗಿದೆ.

4. ಡಾರ್ಫುರ್: ಎರಡು ಸಲ ಸುಟ್ಟ ಮನೆ

"ದಾರುಲ್ ಉಲೂಮ್" ಎನ್ನುವಾಗಿನ "ದಾರ್" ಪದ ನಮ್ಮಲ್ಲಿ ಹಲವರಿಗೆ ಗೊತ್ತು. ದಾರ್ ಎಂದರೆ ಮನೆ. ದಾರ್‌ಫುರ್ ಎಂದರೆ ಫುರ್ ಜನರ ಮನೆ. 1916ರವರೆಗೆ ಅದು ಸ್ವತಂತ್ರ ಸುಲ್ತಾನರ ನಾಡು.

2003ರಲ್ಲಿ ಅಲ್ಲಿನ ಕೆಲವು ಗುಂಪುಗಳು, ನಮ್ಮನ್ನು ಖಾರ್ತೂಮ್ ಮರೆತಿದೆ ಎಂದು ಸರ್ಕಾರದ ವಿರುದ್ಧ ಆಯುಧ ಹಿಡಿದವು. ಅಲ್ಲಿ ಬೇಸಾಯಗಾರರಿಗೂ ಒಂಟೆ, ದನ ಮೇಯಿಸುವವರಿಗೂ ನೀರು ಮತ್ತು ಹುಲ್ಲುಗಾವಲಿನ ಜಗಳ ಮೊದಲೇ ಇತ್ತು. ಬರಗಾಲ ಅದನ್ನು ಹೆಚ್ಚಿಸಿತ್ತು. ಬಶೀರ್ ಸರ್ಕಾರ ಅರಬ್ ಪಶುಪಾಲಕ ಗುಂಪುಗಳಿಗೆ ಬಂದೂಕು ಕೊಟ್ಟು ಹಳ್ಳಿಗಳ ಮೇಲೆ ಬಿಟ್ಟಿತು. ಜನ ಅವರನ್ನು ಜಂಜಾವೀದ್ ಎಂದು ಕರೆದರು. ಸುಮಾರು 3 ಲಕ್ಷ ಜನ ಸತ್ತರೆಂದು ವಿಶ್ವಸಂಸ್ಥೆಯ ಅಂದಾಜು. ಬಶೀರ್ ಮೇಲೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2009ರಲ್ಲಿ ಬಂಧನ ವಾರಂಟ್ ಹೊರಡಿಸಿತು. ಇದೇ ಜಂಜಾವೀದ್‌ಗೆ 2013ರಲ್ಲಿ ಹೊಸ ಹೆಸರು, ಸಂಬಳ ಕೊಟ್ಟರು. ಆ ಹೊಸ ಹೆಸರೇ ಆರ್‌ಎಸ್‌ಎಫ್.

ಆದ್ದರಿಂದ 2023ರಲ್ಲಿ ಡಾರ್ಫುರ್ ಜನರಿಗೆ ಬಂದದ್ದು ಹೊಸ ಯುದ್ಧವಲ್ಲ. ಪಶ್ಚಿಮ ಡಾರ್ಫುರ್‌ನ ಎಲ್ ಜನೀನಾ ಪಟ್ಟಣದಲ್ಲಿ ಮಸಾಲಿತ್ ಜನರನ್ನು ಹುಡುಕಿ ಹುಡುಕಿ ಕೊಂದರು. ಆ ಒಂದು ಪಟ್ಟಣದಲ್ಲಿ ಆ ವರ್ಷ 10,000ದಿಂದ 15,000 ಜನ ಸತ್ತಿರಬಹುದೆಂದು ವಿಶ್ವಸಂಸ್ಥೆಯ ತಜ್ಞರ ವರದಿ ಹೇಳಿತು. ಬದುಕಿದವರು ನಡೆದುಕೊಂಡೇ ಚಾಡ್ ಗಡಿಯ ಆದ್ರೆ ಪಟ್ಟಣ ಸೇರಿದರು. ಸುಮಾರು 40,000 ಜನರಿದ್ದ ಆ ಸಣ್ಣ ಊರಿಗೆ 2 ಲಕ್ಷಕ್ಕೂ ಹೆಚ್ಚು ಜನ ಬಂದಿಳಿದರು.

ಉತ್ತರ ಡಾರ್ಫುರ್‌ನ ದೊಡ್ಡ ನಗರ ಎಲ್ ಫಾಶಿರ್. ಅದರ ಪಕ್ಕದಲ್ಲಿ 2003ರ ಯುದ್ಧದಲ್ಲಿ ಓಡಿಬಂದವರಿಗಾಗಿ ಹುಟ್ಟಿದ ಜಮ್‌ಜಮ್ ಶಿಬಿರ. 20 ವರ್ಷದಲ್ಲಿ ಶಿಬಿರವೇ ಒಂದು ಊರಾಗಿತ್ತು. 2024ರ ಮೇ ತಿಂಗಳಿನಿಂದ ಆರ್‌ಎಸ್‌ಎಫ್ ನಗರಕ್ಕೆ ಮುತ್ತಿಗೆ ಹಾಕಿತು. 2024ರ ಆಗಸ್ಟ್ 1ರಂದು ಜಮ್‌ಜಮ್‌ನಲ್ಲಿ ಕ್ಷಾಮ ಇದೆ ಎಂದು ಅಧಿಕೃತವಾಗಿ ಪ್ರಕಟವಾಯಿತು.

"ಕ್ಷಾಮ" ಎಂಬುದು ಸುಮ್ಮನೆ ಬಳಸುವ ಪದವಲ್ಲ, ಅದಕ್ಕೆ ಅಳತೆ ಇದೆ. 5 ಮನೆಗಳಲ್ಲಿ ಕನಿಷ್ಠ 1 ಮನೆಯಲ್ಲಿ ತಿನ್ನಲು ಏನೂ ಇಲ್ಲದ ಸ್ಥಿತಿ, 100 ಚಿಕ್ಕ ಮಕ್ಕಳಲ್ಲಿ ಕನಿಷ್ಠ 30 ಮಕ್ಕಳಿಗೆ ತೀವ್ರ ಅಪೌಷ್ಟಿಕತೆ, ದಿನಕ್ಕೆ 10,000 ಜನರಲ್ಲಿ ಕನಿಷ್ಠ 2 ಜನ ಹಸಿವಿನಿಂದಾಗಿ ಸಾಯುವುದು. ಈ ಮೂರೂ ಸೇರಿದರೆ ಮಾತ್ರ ಕ್ಷಾಮ. ಮುತ್ತಿಗೆಯ ಕೊನೆಯ ತಿಂಗಳುಗಳಲ್ಲಿ ಎಲ್ ಫಾಶಿರ್ ಜನ ಅಂಬಾಜ್ ತಿಂದರು. ಅಂಬಾಜ್ ಎಂದರೆ ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿ, ನಾವು ಹಾಲು ಕೊಡುವ ಎಮ್ಮೆಗೆ ಹಾಕುವಂಥದ್ದು.

2025ರ ಅಕ್ಟೋಬರ್ 26ರಂದು ನಗರ ಆರ್‌ಎಸ್‌ಎಫ್ ವಶವಾಯಿತು. ಅಲ್ಲಿನ ಸೌದಿ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳು ಮತ್ತು ಅವರ ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಜನರನ್ನು ಕೊಂದ ವರದಿ ಬಂದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಅದೇ ತಿಂಗಳು ಇನ್ನೊಂದು ಸುದ್ದಿಯೂ ಇತ್ತು. 2003ರ ಕಾಲದ ಜಂಜಾವೀದ್ ನಾಯಕ ಅಲಿ ಕುಶೈಬ್ ತಪ್ಪಿತಸ್ಥ ಎಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ತೀರ್ಪು ಕೊಟ್ಟಿತು. ಮೊದಲನೇ ಬೆಂಕಿಯ ತೀರ್ಪು ಬರುವ ಹೊತ್ತಿಗೆ ಎರಡನೇ ಬೆಂಕಿ ಹೊತ್ತಿ ಉರಿಯುತ್ತಿತ್ತು.

5. ನಿರಾಶ್ರಿತ ಎಂದರೆ ಯಾರು?

ಈ ಭಾಗವನ್ನು ಪಾಠದಂತೆಯೇ ಓದಿ. ಮನೆ ಬಿಟ್ಟವರೆಲ್ಲ ಕಾನೂನಿನ ಪ್ರಕಾರ ನಿರಾಶ್ರಿತರಲ್ಲ.

ಅಂತರರಾಷ್ಟ್ರೀಯ ಗಡಿ ದಾಟಿದವರು ನಿರಾಶ್ರಿತರು. ಅವರಿಗೆ 1951ರ ನಿರಾಶ್ರಿತರ ಒಪ್ಪಂದದ ರಕ್ಷಣೆ ಇದೆ. ಆ ಒಪ್ಪಂದದ ಮುಖ್ಯ ನಿಯಮ ಇಷ್ಟು: ಜೀವಕ್ಕೆ ಅಪಾಯವಿರುವ ಜಾಗಕ್ಕೆ ಅವರನ್ನು ವಾಪಸ್ ತಳ್ಳಬಾರದು. ಭಾರತ ಈ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆಫ್ರಿಕಾದ ದೇಶಗಳು 1969ರಲ್ಲಿ ತಮ್ಮದೇ ಒಪ್ಪಂದ ಮಾಡಿಕೊಂಡು, ಯುದ್ಧದಿಂದ ಓಡಿಬಂದವರನ್ನೂ ನಿರಾಶ್ರಿತರೆಂದೇ ಸೇರಿಸಿಕೊಂಡವು.

ಗಡಿ ದಾಟದೆ ದೇಶದೊಳಗೇ ಓಡಾಡುವವರು ಆಂತರಿಕ ಸ್ಥಳಾಂತರಿತರು. ಸುಡಾನ್‌ನಲ್ಲಿ ಇವರ ಸಂಖ್ಯೆಯೇ ಹೆಚ್ಚು. ಇವರ ರಕ್ಷಣೆ ಯಾರ ಹೊಣೆ? ಅವರದೇ ಸರ್ಕಾರದ ಹೊಣೆ. ಆ ಸರ್ಕಾರವೇ ಯುದ್ಧದಲ್ಲಿದ್ದರೆ? ಈ ಪ್ರಶ್ನೆಗೆ 1998ರಲ್ಲಿ ವಿಶ್ವಸಂಸ್ಥೆಯಲ್ಲಿ ಮಾರ್ಗದರ್ಶಿ ತತ್ವಗಳನ್ನು ರೂಪಿಸುವ ಕೆಲಸದ ಮುಂದಾಳು ಫ್ರಾನ್ಸಿಸ್ ದೆಂಗ್. ಅವರು ಆಗ ಸುಡಾನ್‌ನವರೇ ಆಗಿದ್ದರು.

ಪದಗಳ ಬಗ್ಗೆ ಒಂದು ಮಾತು. ಕನ್ನಡದಲ್ಲಿ ನಿರಾಶ್ರಿತ ಎನ್ನುತ್ತೇವೆ, ಅಂದರೆ ಆಶ್ರಯ ಇಲ್ಲದವನು. ಮನೆಯಲ್ಲಿ ನಾವು ಮಾತಾಡುವ ಉರ್ದುವಿನಲ್ಲಿ ಪನಾಹ್‌ಗುಜೀನ್ ಎನ್ನುತ್ತಾರೆ, ಅಂದರೆ ಆಶ್ರಯ ಪಡೆದವನು. ಒಂದು ಭಾಷೆ ಅವನು ಕಳೆದುಕೊಂಡದ್ದನ್ನು ಹೇಳುತ್ತದೆ, ಇನ್ನೊಂದು ಅವನಿಗೆ ಸಿಕ್ಕಿದ್ದನ್ನು ಹೇಳುತ್ತದೆ. ಸುಡಾನ್ ಜನರಿಗೆ ಸಿಕ್ಕಿದ್ದು ಏನು ನೋಡಿ. ಈಜಿಪ್ಟ್‌ಗೆ 10 ಲಕ್ಷಕ್ಕೂ ಹೆಚ್ಚು ಜನ ಹೋದರು. 2023ರ ಜೂನ್‌ನಿಂದ ಈಜಿಪ್ಟ್ ಎಲ್ಲರಿಗೂ ವೀಸಾ ಕಡ್ಡಾಯ ಮಾಡಿತು. ಚಾಡ್ ಜಗತ್ತಿನ ಅತಿ ಬಡ ದೇಶಗಳಲ್ಲಿ ಒಂದು. ಆದರೂ 7 ಲಕ್ಷಕ್ಕೂ ಹೆಚ್ಚು ಹೊಸಬರಿಗೆ ಜಾಗ ಕೊಟ್ಟಿದೆ. ದಕ್ಷಿಣ ಸುಡಾನ್ ಸೇರಿದವರಲ್ಲಿ ಹೆಚ್ಚಿನವರು ಮೊದಲು ಅಲ್ಲಿಂದಲೇ ಓಡಿ ಸುಡಾನ್‌ಗೆ ಬಂದಿದ್ದವರು. ಯುದ್ಧಕ್ಕೆ ಮೊದಲು ಸುಡಾನ್ ಕೂಡ ನೆರೆಯ ದೇಶಗಳ ಸುಮಾರು 11 ಲಕ್ಷ ನಿರಾಶ್ರಿತರಿಗೆ ಆಶ್ರಯ ಕೊಟ್ಟಿತ್ತು. ಇಂದು ಬಾಗಿಲು ತೆರೆದವನು ನಾಳೆ ಬಾಗಿಲು ತಟ್ಟಬೇಕಾಗಬಹುದು.

ಬೆಂಗಳೂರಿನಲ್ಲಿ ಬಿ.ಫಾರ್ಮ್ ಓದುತ್ತಿರುವ ನನ್ನ ಅಣ್ಣನ ತರಗತಿಯಲ್ಲಿ ಉಮ್ದುರ್ಮಾನ್‌ನ ಒಬ್ಬ ವಿದ್ಯಾರ್ಥಿ ಇದ್ದಾರೆ. ಅಣ್ಣನ ಮೂಲಕ ಕೆಲವು ಪ್ರಶ್ನೆ ಕಳಿಸಿದೆ. ಅವರ ತಾಯಿ ಮತ್ತು ತಂಗಿ ಕೈರೋದಲ್ಲಿದ್ದಾರೆ. ಅಕ್ಕ ಪೋರ್ಟ್ ಸುಡಾನ್‌ನಲ್ಲಿ. ತಂದೆ ಮನೆ ಕಾಯಲು ಉಮ್ದುರ್ಮಾನ್‌ನಲ್ಲೇ ಉಳಿದರು. ಬ್ಯಾಂಕು ಮುಚ್ಚಿದಾಗ ಆರು ತಿಂಗಳು ಫೀಸಿನ ಹಣ ಬರಲಿಲ್ಲ, ಜೊತೆಯಲ್ಲಿ ಓದುವವರೇ ಊಟದ ಖರ್ಚು ಹಂಚಿಕೊಂಡರಂತೆ. "ನಿಮ್ಮನ್ನು ನಿರಾಶ್ರಿತ ಎನ್ನಬಹುದಾ?" ಎಂದು ಕೇಳಿದ್ದೆ. "ನಾನು ವಿದ್ಯಾರ್ಥಿ ವೀಸಾದಲ್ಲಿ ಇದ್ದೇನೆ. ಕೋರ್ಸ್ ಮುಗಿದ ದಿನ ಏನಾಗುತ್ತೇನೆ ಎಂದು ಗೊತ್ತಿಲ್ಲ" ಎಂದು ಉತ್ತರ ಬಂತು.

6. ಚಿನ್ನ ಮತ್ತು ಅಂಟು

ವಾಣಿಜ್ಯ ವಿದ್ಯಾರ್ಥಿಗಳು ಕೇಳಲೇಬೇಕಾದ ಪ್ರಶ್ನೆ: ಇಷ್ಟು ವರ್ಷ ಯುದ್ಧ ಮಾಡಲು ಹಣ ಎಲ್ಲಿಂದ ಬರುತ್ತದೆ?

ಮೊದಲನೆಯದು ಚಿನ್ನ. 2011ರಲ್ಲಿ ತೈಲ ಹೋದ ಮೇಲೆ ಚಿನ್ನವೇ ಸುಡಾನ್‌ನ ಮುಖ್ಯ ರಫ್ತು. 2017ರಲ್ಲಿ ಡಾರ್ಫುರ್‌ನ ಜಬಲ್ ಆಮಿರ್ ಚಿನ್ನದ ಗಣಿಗಳು ಹೆಮೆದ್ತಿ ಕೈಸೇರಿದವು. ಸೈನ್ಯಕ್ಕೂ ತನ್ನದೇ ಕಂಪನಿಗಳಿವೆ. ಎರಡೂ ಕಡೆಯ ಚಿನ್ನದಲ್ಲಿ ಹೆಚ್ಚಿನದು ಸೇರುವುದು ಯುಎಇ ಮಾರುಕಟ್ಟೆಗೆ. ಯುಎಇ ಆರ್‌ಎಸ್‌ಎಫ್‌ಗೆ ಆಯುಧ ಕೊಡುತ್ತಿದೆ ಎಂಬ ಆರೋಪ ನಂಬಲರ್ಹ ಎಂದು ವಿಶ್ವಸಂಸ್ಥೆಯ ತಜ್ಞರು ಬರೆದಿದ್ದಾರೆ. ಯುಎಇ ಇದನ್ನು ಅಲ್ಲಗಳೆದಿದೆ. ಸುಡಾನ್ ಹಾಕಿದ ಮೊಕದ್ದಮೆಯನ್ನು ಅಂತರರಾಷ್ಟ್ರೀಯ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ಕೈಬಿಟ್ಟಿತು.

ಎರಡನೆಯದು ಅಂಟು. ಕೊರ್ದೊಫಾನ್ ಮತ್ತು ಡಾರ್ಫುರ್‌ನ ಒಣ ನೆಲದಲ್ಲಿ ಹಶಾಬ್ ಎಂಬ ಜಾಲಿ ಜಾತಿಯ ಮರ ಬೆಳೆಯುತ್ತದೆ. ಮಳೆಗಾಲ ಮುಗಿದ ಮೇಲೆ ರೈತರು ತೊಗಟೆ ಸೀಳುತ್ತಾರೆ. ಕೆಲವು ವಾರಗಳಲ್ಲಿ ಅಂಟು ಒಸರಿ ಗಟ್ಟಿಯಾಗುತ್ತದೆ. ಜಗತ್ತಿನ ಗಮ್ ಅರೇಬಿಕ್‌ನಲ್ಲಿ 70ರಿಂದ 80 ಭಾಗ ಸುಡಾನ್‌ನದೇ. ತಂಪು ಪಾನೀಯ, ಚೂಯಿಂಗ್ ಗಮ್, ಮಾತ್ರೆಯ ಹೊದಿಕೆ, ಶಾಯಿ ಎಲ್ಲದಕ್ಕೂ ಇದು ಬೇಕು. ನಿಮ್ಮ ಕೈಯಲ್ಲಿರುವ ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ 414 ಎಂಬ ಸಂಖ್ಯೆ ಇದ್ದರೆ ಅದು ಇದೇ ಅಂಟು. 1997ರಲ್ಲಿ ಅಮೆರಿಕ ಸುಡಾನ್ ಜೊತೆಗಿನ ವ್ಯಾಪಾರವನ್ನೆಲ್ಲ ನಿಷೇಧಿಸಿದಾಗ ಗಮ್ ಅರೇಬಿಕ್‌ಗೆ ಮಾತ್ರ ವಿನಾಯಿತಿ ಕೊಟ್ಟಿತು. ಜನ ಬೇಡ, ಅಂಟು ಬೇಕು ಎಂದಂತೆ! ಇಂದು ಅಂಟು ಬೆಳೆಯುವ ಪ್ರದೇಶದ ಬಹುಭಾಗ ಆರ್‌ಎಸ್‌ಎಫ್ ಹಿಡಿತದಲ್ಲಿದೆ. ದಾರಿಯಲ್ಲಿ ಬಂದೂಕು ಹಿಡಿದವರಿಗೆ ಸುಂಕ ಕೊಟ್ಟೇ ಮಾಲು ಸಾಗಬೇಕು.

ಹಣದ ಮೌಲ್ಯ ನೋಡಿ. ಯುದ್ಧಕ್ಕೆ ಮೊದಲು 1 ಡಾಲರ್‌ಗೆ ಸುಮಾರು 600 ಸುಡಾನ್ ಪೌಂಡ್. 2024ರ ಕೊನೆಗೆ ಕಾಳಸಂತೆಯಲ್ಲಿ 2,000 ದಾಟಿತ್ತು. ಸಂಬಳ ಅಷ್ಟೇ ಇದ್ದರೂ ಕೊಳ್ಳುವ ಶಕ್ತಿ ಮೂರರಲ್ಲಿ ಒಂದು ಭಾಗಕ್ಕೂ ಕೆಳಗೆ ಇಳಿಯಿತು.

7. ಅಲ್ಲಿ ನಮ್ಮವರೂ ಇದ್ದರು

ಯುದ್ಧ ಶುರುವಾದಾಗ ಎಲ್ ಫಾಶಿರ್‌ನಲ್ಲಿ ಕರ್ನಾಟಕದ ಜನ ಸಿಕ್ಕಿಬಿದ್ದಿದ್ದರು. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಸಮುದಾಯದವರು ಅವರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತು, ಗಿಡಮೂಲಿಕೆ ಎಣ್ಣೆ ಮಾರುತ್ತಾ ಊರೂರು ತಿರುಗಿ ಆಫ್ರಿಕಾವರೆಗೂ ವ್ಯಾಪಾರ ಬೆಳೆಸಿದವರು. ಮನೆಯಿಂದ ಹೊರಗೆ ಹೋಗಲಾಗದೆ, ನೀರು ಅನ್ನ ಇಲ್ಲದೆ ಕುಳಿತಿದ್ದೇವೆ ಎಂಬ ಅವರ ವಿಡಿಯೊಗಳು ಇಲ್ಲಿನ ಟಿವಿಗಳಲ್ಲಿ ಬಂದವು.

ಭಾರತ ಸರ್ಕಾರ 2023ರ ಏಪ್ರಿಲ್ 24ರಂದು "ಆಪರೇಷನ್ ಕಾವೇರಿ" ಶುರು ಮಾಡಿತು. ಪೋರ್ಟ್ ಸುಡಾನ್‌ನಿಂದ ಹಡಗು ಮತ್ತು ವಿಮಾನಗಳಲ್ಲಿ ಜಿದ್ದಾಗೆ, ಅಲ್ಲಿಂದ ಭಾರತಕ್ಕೆ ಒಟ್ಟು 3,862 ಜನರನ್ನು ಕರೆತಂದರು. ನಮಗೆಲ್ಲ ಸಮಾಧಾನವಾಯಿತು. ಟಿವಿ ಬೇರೆ ಸುದ್ದಿಗೆ ಹೋಯಿತು.

ಪಾಸ್‌ಪೋರ್ಟ್ ಎಂದರೆ ಏನು ಎಂದು ನನಗೆ ಅರ್ಥವಾದದ್ದು ಇಲ್ಲಿ. ಎಲ್ ಫಾಶಿರ್‌ನ ಒಂದೇ ಬೀದಿಯಲ್ಲಿ ಬಾಡಿಗೆಗಿದ್ದ ನಮ್ಮವರಿಗೆ ಹೋಗಲು ಒಂದು ದೇಶ ಇತ್ತು, ಕಳಿಸಲು ಹಡಗು ಇತ್ತು. ಅವರಿಗೆ ಮನೆ ಬಾಡಿಗೆ ಕೊಟ್ಟವರಿಗೆ, ಅವರಿಂದ ಎಣ್ಣೆ ಕೊಂಡವರಿಗೆ ಅದು ಇರಲಿಲ್ಲ. ಅವರೇ ಮುಂದೆ ಮುತ್ತಿಗೆಯಲ್ಲಿ ಉಳಿದವರು. ಯುದ್ಧದಿಂದ ಪಾರಾಗಿ ಬಂದವನಿಗೂ ನಿರಾಶ್ರಿತನಿಗೂ ಇರುವ ವ್ಯತ್ಯಾಸ ಧೈರ್ಯದ್ದಲ್ಲ, ಕಾಗದದ್ದು.

8. ತಕಿಯಾ

ನಮ್ಮ ಕಡೆ ಹಲವು ಊರುಗಳಲ್ಲಿ ಫಕೀರರು ಇರುತ್ತಿದ್ದ ಜಾಗಕ್ಕೆ ತಕಿಯಾ ಎನ್ನುತ್ತಾರೆ. ಸುಡಾನ್‌ನಲ್ಲಿಯೂ ಈ ಪದ ಇದೆ. ಸೂಫಿಗಳು ದಾರಿಹೋಕರಿಗೆ ಊಟ ಹಾಕುತ್ತಿದ್ದ ಜಾಗ ತಕಿಯಾ. ಯುದ್ಧ ಬಂದ ಮೇಲೆ ಬೀದಿ ಬೀದಿಯ ಸಾಮೂಹಿಕ ಅಡುಗೆಮನೆಗೆ ಅದೇ ಹೆಸರು ಬಂತು.

ಇವುಗಳಲ್ಲಿ ಅನೇಕವನ್ನು ನಡೆಸುವವರು 2019ರ ಚಳವಳಿಯಿಂದ ಬಂದ ಯುವಕ ಯುವತಿಯರು. ತಮ್ಮ ಗುಂಪುಗಳಿಗೆ ತುರ್ತು ಸ್ಪಂದನಾ ಕೊಠಡಿ ಎಂದು ಹೆಸರಿಟ್ಟುಕೊಂಡಿದ್ದಾರೆ. ದೊಡ್ಡ ಪಾತ್ರೆಯಲ್ಲಿ ಬೇಳೆ, ಅವರೆಯಂಥ ಫೂಲ್ ಕಾಳು ಬೇಯಿಸಿ ಹಂಚುತ್ತಾರೆ. ಹೊರದೇಶದಲ್ಲಿರುವ ಸುಡಾನಿಗಳು ಕಳಿಸುವ ಹಣ "ಬಂಕಕ್" ಎಂಬ ಮೊಬೈಲ್ ಆ್ಯಪ್‌ನಲ್ಲಿ ಬರುತ್ತದೆ. ನಮ್ಮ ಫೋನ್‌ಪೇ ಇದ್ದ ಹಾಗೆ. ದಿನಸಿ ಅಂಗಡಿಯವರೂ ಅದರಲ್ಲೇ ಹಣ ತೆಗೆದುಕೊಳ್ಳುತ್ತಾರೆ. ಇಂಟರ್‌ನೆಟ್ ಕಡಿದರೆ ಒಲೆಯೂ ಆರುತ್ತದೆ. 2024ರ ಫೆಬ್ರವರಿಯಲ್ಲಿ ದೇಶದ ಬಹುಭಾಗದಲ್ಲಿ ಸಂಪರ್ಕ ಕಡಿದಾಗ ಹಾಗೆಯೇ ಆಯಿತು. ಸ್ವಯಂಸೇವಕರನ್ನು ಎರಡೂ ಕಡೆಯವರು ಬಂಧಿಸಿದ್ದಾರೆ, ಕೊಂದಿದ್ದಾರೆ. 2025ರಲ್ಲಿ ಈ ಕೊಠಡಿಗಳಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ಇನ್ನೊಂದು ಕಡೆ, 2025ರ ಫೆಬ್ರವರಿಯಲ್ಲಿ ವಿಶ್ವಸಂಸ್ಥೆ ಸುಡಾನ್ ಒಳಗಿನ ಜನರಿಗೂ ಹೊರಗಿನ ನಿರಾಶ್ರಿತರಿಗೂ ಸೇರಿಸಿ 600 ಕೋಟಿ ಡಾಲರ್ ಕೇಳಿತು. ಅಂದರೆ ಸುಮಾರು 50 ಸಾವಿರ ಕೋಟಿ ರೂಪಾಯಿ. ಅದರ ಅರ್ಧವೂ ಬರಲಿಲ್ಲ.

9. ನಮ್ಮ ವಯಸ್ಸಿನವರು

ನಮ್ಮ ಬೋರ್ಡ್ ಪರೀಕ್ಷೆ ಒಂದು ವಾರ ಮುಂದೆ ಹೋದರೆ ನಾವು ಎಷ್ಟು ಗಲಾಟೆ ಮಾಡುತ್ತೇವೆ! ಸುಡಾನ್‌ನಲ್ಲಿ 2023ರಲ್ಲಿ ನಡೆಯಬೇಕಾಗಿದ್ದ ಮಾಧ್ಯಮಿಕ ಅಂತಿಮ ಪರೀಕ್ಷೆ ನಡೆದದ್ದು 2024ರ ಡಿಸೆಂಬರ್ 28ರಿಂದ. 3 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ನೋಂದಾಯಿಸಿದ್ದರು. ಅದೂ ಸೈನ್ಯದ ಹಿಡಿತದ ಪ್ರದೇಶಗಳಲ್ಲಿ ಮಾತ್ರ. ಡಾರ್ಫುರ್‌ನ ಹೆಚ್ಚಿನ ಭಾಗದಲ್ಲಿ ಪರೀಕ್ಷೆಯೇ ಇಲ್ಲ. ಯುದ್ಧದ ಮೊದಲ ವರ್ಷದಲ್ಲೇ 1 ಕೋಟಿ 90 ಲಕ್ಷ ಮಕ್ಕಳು ಶಾಲೆಯಿಂದ ಹೊರಗಿದ್ದಾರೆ ಎಂದು ಯುನಿಸೆಫ್ ಹೇಳಿತ್ತು.

ಹಾಲ್ ಟಿಕೆಟ್ ಸಿಗಬೇಕಾದರೆ ಯಾರ ಹಿಡಿತದ ಊರಿನಲ್ಲಿ ಇದ್ದೀರಿ ಎಂಬುದು ಮುಖ್ಯವಾದರೆ, ಆ ಯುದ್ಧ ನಿಂತ ಮೇಲೂ ಅದರ ನಷ್ಟ ಮುಗಿಯುವುದಿಲ್ಲ. ಸರ್ಟಿಫಿಕೇಟ್ ಇಲ್ಲದವನಿಗೆ ಕಾಲೇಜು ಇಲ್ಲ, ಕಾಲೇಜು ಇಲ್ಲದವನಿಗೆ ಕೈಗೆ ಸುಲಭವಾಗಿ ಸಿಗುವುದು ಬಂದೂಕಿನ ಸಂಬಳ.

10. ಏಕೆ ಸುದ್ದಿಯಾಗಲಿಲ್ಲ?

ಪತ್ರಕರ್ತರು ಒಳಗೆ ಹೋಗುವುದು ಕಷ್ಟ. ಉಕ್ರೇನ್, ಗಾಜಾ ಯುದ್ಧಗಳು ಅದೇ ಕಾಲದವು. "ಆಫ್ರಿಕಾದಲ್ಲಿ ಇದೆಲ್ಲ ಇದ್ದದ್ದೇ" ಎಂಬ ಉಡಾಫೆಯೂ ಇದೆ. ಈ ಮೂರು ಕಾರಣಗಳನ್ನು ಎಲ್ಲರೂ ಹೇಳುತ್ತಾರೆ.

ನನಗೆ ಕಾಣುವ ನಾಲ್ಕನೇ ಕಾರಣವನ್ನು ಬರೆಯುತ್ತೇನೆ. ಜುಮ್ಮಾ ದಿನ ದುಆದಲ್ಲಿ ಕೆಲವು ದೇಶಗಳ ಹೆಸರು ಬರುತ್ತದೆ ಎಂದು ಅಬ್ಬಾ ಮನೆಗೆ ಬಂದು ಹೇಳುತ್ತಾರೆ. ಸುಡಾನ್ ಹೆಸರು ಅಪರೂಪ. ಏಕೆಂದರೆ ಇಲ್ಲಿ ಕೊಲ್ಲುವವನ ಹೆಸರೂ ಮೊಹಮದ್, ಸಾಯುವವನ ಹೆಸರೂ ಮೊಹಮದ್. ಇಬ್ಬರೂ ಒಂದೇ ಕಡೆ ಮುಖ ಮಾಡಿ ನಮಾಜ್ ಮಾಡುತ್ತಾರೆ. ಯಾರ ವಿರುದ್ಧ ಘೋಷಣೆ ಕೂಗುವುದು? ಶತ್ರು ಹೊರಗಿನವನಾದರೆ ನೋವು ಬೇಗ ಅರ್ಥವಾಗುತ್ತದೆ. ಒಳಗಿನವನಾದರೆ ನಾವು ಮಾತು ಬದಲಿಸುತ್ತೇವೆ. ಇದು ಮುಸ್ಲಿಮರಿಗೆ ಮಾತ್ರ ಸಂಬಂಧಿಸಿದ್ದಲ್ಲ, ಯಾವ ಮನೆಯಲ್ಲಾದರೂ ಅಣ್ಣ ತಮ್ಮಂದಿರ ಜಗಳಕ್ಕೆ ನೆರೆಯವರು ಕಿಟಕಿ ಮುಚ್ಚುತ್ತಾರೆ. ಆದರೆ ಸತ್ತವನ ತಾಯಿಗೆ ಕೊಂದವನ ಧರ್ಮದಿಂದ ಏನೂ ಸಮಾಧಾನ ಸಿಗುವುದಿಲ್ಲ.

ಸೀರತ್ ಪಾಠದಲ್ಲಿ ಮೊದಲ ಹಿಜ್ರತ್ ಬಗ್ಗೆ ಓದಿದ್ದೇವೆ. ಮಕ್ಕಾದಲ್ಲಿ ಹಿಂಸೆ ತಾಳಲಾಗದೆ ಒಂದು ಸಣ್ಣ ಗುಂಪು ಕೆಂಪು ಸಮುದ್ರ ದಾಟಿ ಹಬಶಾ ಸೇರಿತು. ಅಲ್ಲಿನ ಕ್ರೈಸ್ತ ರಾಜ ನಜಾಶಿ ಅವರನ್ನು ಹಿಂದಕ್ಕೆ ಒಪ್ಪಿಸಲಿಲ್ಲ. ಹಬಶಾ ಎಂದರೆ ಇಂದಿನ ಸುಡಾನ್‌ನ ನೆರೆಯ ಇಥಿಯೋಪಿಯಾ, ಎರಿಟ್ರಿಯಾ ಕಡೆಯ ನಾಡು. ಆಶ್ರಯ ಕೊಡುವಾಗ ಅವನು ಕೇಳಿದ್ದು ಅವರ ಕಥೆಯನ್ನು. ನಮಗೆ ಇಲ್ಲಿಂದ ಗಡಿ ತೆರೆಯುವ ಅಧಿಕಾರವಿಲ್ಲ. ಕಥೆ ಕೇಳುವುದಕ್ಕೆ ಅಧಿಕಾರ ಬೇಕಾಗಿಲ್ಲ.

ನೆನಪಿಡಬೇಕಾದ ದಿನಾಂಕಗಳು

1956 – ಸ್ವಾತಂತ್ರ್ಯ
2003 – ಡಾರ್ಫುರ್ ಯುದ್ಧದ ಆರಂಭ
2011 – ದಕ್ಷಿಣ ಸುಡಾನ್ ಬೇರ್ಪಟ್ಟದ್ದು
2019 – ಬಶೀರ್ ಪದಚ್ಯುತಿ
2021 – ಸೇನಾ ದಂಗೆ
2023 ಏಪ್ರಿಲ್ 15 – ಈಗಿನ ಯುದ್ಧದ ಆರಂಭ
2024 ಆಗಸ್ಟ್ 1 – ಜಮ್‌ಜಮ್‌ನಲ್ಲಿ ಕ್ಷಾಮ ಘೋಷಣೆ
2025 ಅಕ್ಟೋಬರ್ 26 – ಎಲ್ ಫಾಶಿರ್ ಪತನ

ತರಗತಿಯಲ್ಲಿ ಚರ್ಚಿಸಲು

1. ನಿರಾಶ್ರಿತರಿಗೂ ಆಂತರಿಕ ಸ್ಥಳಾಂತರಿತರಿಗೂ ಇರುವ ವ್ಯತ್ಯಾಸವೇನು? ಯಾರಿಗೆ ನೆರವು ತಲುಪಿಸುವುದು ಹೆಚ್ಚು ಕಷ್ಟ, ಏಕೆ?
2. ಒಂದು ದೇಶದಲ್ಲಿ ಎರಡು ಸೈನ್ಯ ಇದ್ದರೆ ಏನಾಗುತ್ತದೆ?
3. ಯುದ್ಧ ನಡೆಯುವ ಪ್ರದೇಶದ ಚಿನ್ನ, ಅಂಟು ಕೊಳ್ಳುವುದನ್ನು ನಿಲ್ಲಿಸಬೇಕೇ? ನಿಲ್ಲಿಸಿದರೆ ಅಂಟು ತೆಗೆಯುವ ರೈತ ಏನು ಮಾಡಬೇಕು?
4. ನಿಮ್ಮ ಮನೆಯ ಅಡುಗೆಮನೆಯಲ್ಲಿ 414 ಸಂಖ್ಯೆ ಇರುವ ಪೊಟ್ಟಣ ಎಷ್ಟಿವೆ? ಎಣಿಸಿ ಬನ್ನಿ.

ಮೂರನೇ ಪ್ರಶ್ನೆಗೆ ನಮ್ಮ ತರಗತಿಯಲ್ಲಿ ಎರಡು ಗುಂಪಾಗಿ ವಾದ ನಡೆಯಿತು, ಒಮ್ಮತ ಆಗಲಿಲ್ಲ. ನಿಮ್ಮ ಉತ್ತರವನ್ನು ಗ್ರಂಥಾಲಯದ ಪಕ್ಕದ ಪೆಟ್ಟಿಗೆಗೆ ಹಾಕಿ. ಒಳ್ಳೆಯದನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.